ಟೀಚರ್ ಹತ್ತಿರ ಕೇಳಿ: ಕಡಪ್ಪುರದ ಮಕ್ಕಳ ಪತ್ರಗಳು

ಈ ಸಲ ಬಂದ ಪತ್ರಗಳಲ್ಲಿ ಕಡಪ್ಪುರದ್ದೇ, ಅಂದರೆ ಕಡಲ ದಡದ ಮೀನುಗಾರರ ಕೇರಿಗಳದ್ದೇ ಜಾಸ್ತಿ. ಮಂಜೇಶ್ವರ, ಉಪ್ಪಳ, ಶಿರಿಯ, ಕುಂಬಳೆ, ಕಾಸರಗೋಡು ಕಸಬ, ಎಲ್ಲ ಕಡೆಯಿಂದಲೂ ಬಂದಿವೆ. ಹೆಸರು ಹಾಕಬೇಡಿ ಅಂತ ಹೆಚ್ಚಿನವರು ಬರೆದಿದ್ದಾರೆ, ಹಾಗಾಗಿ ಯಾರ ಹೆಸರೂ ಇಲ್ಲ. ದೂರದವರು ಒಬ್ಬರೇ, ಬೆಂಗಳೂರಿನವರು. ಅವರದ್ದನ್ನು ಮೊದಲು ತೆಗೆದುಕೊಳ್ಳುತ್ತೇನೆ. ಅದಕ್ಕೆ ಉತ್ತರ ಹೇಳಿದರೆ ಉಳಿದ ಪತ್ರಗಳು ಹೊರಗಿನವರಿಗೂ ಅರ್ಥವಾಗುತ್ತವೆ.

ಮಂಗಳೂರಿಂದ ಕಣ್ಣೂರಿಗೆ ರೈಲಿನಲ್ಲಿ ಹೋಗುವಾಗ ಯೂನಿಫಾರ್ಮ್ ಹಾಕಿದ ಮಕ್ಕಳು ಕಡಲ ಬದಿಯಿಂದ ಬರುವುದು ಕಾಣಿಸಿತು. ಕೇರಳದ ತೀರಾ ಉತ್ತರದ ಆ ಊರುಗಳಲ್ಲಿ ಕನ್ನಡ ಶಾಲೆ ಇದೆ ಅಂತ ಗೊತ್ತು. ಆ ಮಕ್ಕಳ ದಿನ ಹೇಗಿರುತ್ತದೆ ಟೀಚರ್?
— ಓದುಗರು, ಬೆಂಗಳೂರು

ಕಡಲಿಗೆ ಹೋಗುವ ಮನೆಯಲ್ಲಿ ಬೇಗ ಬೆಳಗಾಗುತ್ತದೆ. ದೋಣಿ ಕತ್ತಲಿರುವಾಗಲೇ ನೀರಿಗೆ ಇಳಿಯುತ್ತದೆ, ಅಮ್ಮ ಅದಕ್ಕಿಂತ ಮೊದಲೇ ಎದ್ದು ಚಹಾ ಮಾಡಿರುತ್ತಾರೆ, ಆ ಸದ್ದಿಗೆ ಮಕ್ಕಳೂ ಎದ್ದುಬಿಡುತ್ತಾರೆ. ಕೆಲವರು ಆ ಹೊತ್ತಿನಲ್ಲೇ ಓದುತ್ತಾರೆ. ಆಮೇಲೆ ಮನೆಯಲ್ಲಿ ಸದ್ದು ಶುರುವಾದರೆ ಓದಲಿಕ್ಕೆ ಆಗುವುದಿಲ್ಲ, ಚಿಕ್ಕ ಮನೆ, ಜನ ಜಾಸ್ತಿ. ನಂತರ ಶಾಲೆಯ ದಾರಿ. ಮನೆ ರೈಲು ಹಳಿಯ ಪಡುಬದಿಗೆ, ಶಾಲೆ ಹೆಚ್ಚಾಗಿ ಮೂಡುಬದಿಗೆ. ಅಂದರೆ ಹಳಿ ದಾಟಬೇಕು, ಎಷ್ಟೋ ಮಕ್ಕಳು ಹೆದ್ದಾರಿಯನ್ನೂ ದಾಟಬೇಕು. ರಾಷ್ಟ್ರೀಯ ಹೆದ್ದಾರಿ 66 ಈಗ ತಲಪಾಡಿಯಿಂದ ಚೆಂಗಳದವರೆಗೆ ಆರು ಪಥದ ರಸ್ತೆ. ಕಾರಿನಲ್ಲಿ ಹೋಗುವವರಿಗೆ ಸುಖ, ಆದರೆ ಮೊದಲು ಎದುರಿಗೇ ಕಾಣುತ್ತಿದ್ದ ಶಾಲೆಗೆ ಈಗ ಅಂಡರ್‌ಪಾಸ್ ಹುಡುಕಿ ಸುತ್ತು ಹಾಕಿ ಹೋಗುವ ಮಕ್ಕಳಿದ್ದಾರೆ. ಮಳೆಗಾಲದಲ್ಲಿ ಆ ಸುತ್ತು ಎಷ್ಟು ಉದ್ದ ಅಂತ ನಡೆದವರಿಗೇ ಗೊತ್ತು.

ಭಾಷೆಯ ಕಥೆ ಕೇಳಿದರೆ ನಿಮಗೆ ಆಶ್ಚರ್ಯ ಆಗಬಹುದು. ಮನೆಯಲ್ಲಿ ತುಳು, ಅಥವಾ ಬ್ಯಾರಿ, ಅಥವಾ ಮಲಯಾಳ, ಅಥವಾ ಕೊಂಕಣಿ. ಪಾಠ ಕನ್ನಡದಲ್ಲಿ. ಬಸ್ಸಿನಲ್ಲಿ, ಪಂಚಾಯತಿನಲ್ಲಿ ಮಲಯಾಳ. ಅದರ ಮೇಲೆ ಇಂಗ್ಲಿಷ್, ಹಿಂದಿ. ಹದಿಮೂರು ವರ್ಷದ ಹುಡುಗಿ ಮೀನು ಏಲಂ ಆಗುವಲ್ಲಿ ನಿಂತು ನಾಲ್ಕು ಭಾಷೆಯಲ್ಲಿ ಮಾತಾಡುತ್ತಾಳೆ, ಅದೊಂದು ವಿದ್ಯೆ ಅಂತ ಅವಳಿಗೆ ಯಾರೂ ಹೇಳಿರುವುದಿಲ್ಲ.

ಇನ್ನೊಂದು ವಿಷಯ ಹೊರಗಿನವರಿಗೆ ಹೊಳೆಯುವುದಿಲ್ಲ. ಕೇರಳದಲ್ಲಿ ಶಾಲೆ ತೆರೆಯುವುದು ಜೂನ್ ಮೊದಲಲ್ಲಿ. ದೊಡ್ಡ ಬೋಟುಗಳು ಬಲೆ ಎಳೆದು ಮೀನು ಹಿಡಿಯಬಾರದ ಟ್ರಾಲಿಂಗ್ ನಿಷೇಧ ಬರುವುದೂ ಜೂನಲ್ಲೇ: ಇಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ 52 ದಿನ, ತಲಪಾಡಿ ದಾಟಿದರೆ ಕರ್ನಾಟಕದಲ್ಲಿ ಜೂನ್ 1ರಿಂದ 61 ದಿನ. ಇಲ್ಲಿನ ಎಷ್ಟೋ ಅಪ್ಪಂದಿರು ಮಂಗಳೂರಿನ, ಮಲ್ಪೆಯ ಬೋಟುಗಳಲ್ಲಿ ದುಡಿಯುವವರು, ಅವರು ಜೂನ್ ಒಂದಕ್ಕೇ ಮನೆಗೆ ಬರುತ್ತಾರೆ. ನಾಡದೋಣಿಗೆ ನಿಷೇಧ ಇಲ್ಲ, ಆದರೆ ಆಷಾಢದ ಕಡಲು ಬಿಡಬೇಕಲ್ವಾ? ಬ್ಯಾಗು, ಕೊಡೆ, ಚಪ್ಪಲಿ, ಯೂನಿಫಾರ್ಮಿನ ಹೊಲಿಗೆ ಕೂಲಿ, ಎಲ್ಲ ಖರ್ಚೂ ಬಂದು ಬೀಳುವುದು ಮನೆಗೆ ಒಂದು ರೂಪಾಯಿ ಬಾರದ ತಿಂಗಳಲ್ಲೇ. ಜೂನ್ ತಿಂಗಳಲ್ಲಿ ಕಡಪ್ಪುರದ ಮಗು ಹಳೇ ಬ್ಯಾಗಿನಲ್ಲಿ ಬಂದರೆ ಅದಕ್ಕೆ ಕಾರಣ ಇದು. ಶಿಕ್ಷಕರು ಇದನ್ನು ತಿಳಿದಿರಬೇಕು.

ಮತ್ತೆ ರಜೆ. ಮಂಗಳೂರಿನ ಚಿಕ್ಕಮ್ಮನ ಮಕ್ಕಳಿಗೆ ದಸರಾ ರಜೆ ಇರುವಾಗ ಇವರಿಗೆ ಕ್ಲಾಸು, ಇವರಿಗೆ ಓಣಂ ರಜೆ ಸಿಕ್ಕಾಗ ಅವರಿಗೆ ಪರೀಕ್ಷೆ. ಹತ್ತಿರದ ನೆಂಟರೇ ಆದರೂ ಒಟ್ಟಿಗೆ ಆಡಲಿಕ್ಕೆ ಸಿಗುವುದು ಏಪ್ರಿಲ್‌ನಲ್ಲೇ.

ನಾನು ಹತ್ತನೇ ಕ್ಲಾಸು. ಅಪ್ಪ ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ದೋಣಿಗೆ ಬಾ ಅನ್ನುತ್ತಾರೆ. ನನಗೂ ಕಡಲು ಇಷ್ಟ. ಆದರೆ ಶಾಲೆಯಲ್ಲಿ, ಓದದೆ ಇದ್ದರೆ ಬಲೆ ಎಳೆಯಲಿಕ್ಕೇ ಹೋಗಬೇಕು ನೀನು ಅಂತ ಹೇಳುತ್ತಾರೆ. ಕಡಲಿಗೆ ಹೋಗುವುದು ಸೋಲಾ ಟೀಚರ್? ನಾನು ಏನು ಮಾಡಲಿ?
— ಮಂಜೇಶ್ವರ ಕಡಪ್ಪುರದ ಹುಡುಗ

ಅಲ್ಲ ಮಗಾ, ಸೋಲಲ್ಲ. ಆ ಮಾತು ಹೇಳಿದವರು ನಿನ್ನನ್ನು ಓದಿಸಲಿಕ್ಕೆ ಅಂತಲೇ ಹೇಳಿರಬಹುದು, ಆದರೂ ಅದು ತಪ್ಪು ಮಾತು. ನಿನ್ನ ಅಪ್ಪನ ಕೆಲಸವನ್ನು ಶಿಕ್ಷೆಯ ಹಾಗೆ ತೋರಿಸಿದರೆ ನೀನು ಓದಿನ ಮೇಲೂ ಸಿಟ್ಟು ಮಾಡಿಕೊಳ್ಳುತ್ತೀ, ಅಪ್ಪನ ಮೇಲೂ ಮಾಡಿಕೊಳ್ಳುತ್ತೀ. ಓದು ಒಂದು ಕಡೆ, ಕಡಲು ಇನ್ನೊಂದು ಕಡೆ ಅಂತ ಇಟ್ಟು ಒಂದನ್ನು ಆರಿಸು ಅನ್ನುವುದೇ ಸರಿಯಲ್ಲ. ಕಡಲಲ್ಲೇ ಇರಬೇಕು ಅಂತ ಆಸೆ ಇರುವವನಿಗೆ ಓದು ಇನ್ನೂ ಜಾಸ್ತಿ ಬೇಕು.

ಯಾಕೆ ಅಂತ ಹೇಳುತ್ತೇನೆ. ಬೂತಾಯಿ ಮೀನನ್ನೇ ತೆಗೆದುಕೋ. 2012ರಲ್ಲಿ ಕೇರಳದಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ಇದು ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಲೆಕ್ಕ. ಆಮೇಲೆ ಪುನಃ ಏರಿದೆ, ಆದರೆ ಆ ಕೆಟ್ಟ ವರ್ಷಗಳಲ್ಲಿ ಸಾಲ ಮಾಡಿ ದೋಣಿ, ಇಂಜಿನು ತೆಗೆದವರ ಮನೆ ಏನಾಯಿತು ಅಂತ ನಿನಗೆ ನಾನು ಹೇಳಬೇಕಾಗಿಲ್ಲ, ನಿನ್ನ ನೆರೆಕರೆಯಲ್ಲೇ ನೋಡಿರುತ್ತೀ. ಮೀನು ಯಾಕೆ ಹೋಯಿತು, ಯಾಕೆ ಬಂತು? ನೀರಿನ ಬಿಸಿ, ಮಳೆ, ಮರಿ ಮೀನು ಹಿಡಿಯುವುದು, ಹಲವು ಕಾರಣ. ಅದಕ್ಕೇ ಕೇರಳ ಸರಕಾರ ಹಿಡಿಯಬಹುದಾದ ಮೀನಿಗೆ ಕನಿಷ್ಠ ಅಳತೆ ಇಟ್ಟಿದೆ, ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಪಗ್ರಹದಿಂದ ನೀರಿನ ಬಿಸಿ, ಬಣ್ಣ ನೋಡಿ ಮೀನು ಎಲ್ಲಿ ಇರಬಹುದು ಅಂತ ಹೇಳುತ್ತದೆ, ದೊಡ್ಡ ಅಲೆ ಬರುವ ಮುನ್ಸೂಚನೆಯನ್ನೂ ಕೊಡುತ್ತದೆ. ಅಪ್ಪ ನೀರಿನ ಬಣ್ಣ, ಹಕ್ಕಿ, ಗಾಳಿ ನೋಡಿ ಹೇಳುವುದನ್ನು ನೀನು ಕಲಿ, ಈ ಮಾಹಿತಿಯನ್ನು ಓದಲಿಕ್ಕೂ ಕಲಿ. ಎರಡೂ ಗೊತ್ತಿರುವ ತಂಡೇಲ, ಅಂದರೆ ದೋಣಿ ನಡೆಸುವವನು, ಇರುವ ದೋಣಿಯಲ್ಲಿ ಡೀಸೆಲ್ ಸುಮ್ನೆ ಉರಿಯುವುದಿಲ್ಲ.

ಈಗ ದಾರಿಗಳು. ಒಂದು, ಎಸ್ಸೆಸ್ಸೆಲ್ಸಿ ಆದ ಕೂಡಲೇ ಹೋಗಬಹುದಾದದ್ದು. ಕೊಚ್ಚಿಯಲ್ಲಿ ಸಿಫ್‌ನೆಟ್ ಅಂತ ಕೇಂದ್ರ ಸರಕಾರದ ಸಂಸ್ಥೆ ಇದೆ, 1963ರಲ್ಲಿ ಶುರುವಾದದ್ದು, ಮೀನುಗಾರಿಕೆ ಹಡಗು ನಡೆಸುವವರನ್ನು, ಅದರ ಇಂಜಿನು ನೋಡುವವರನ್ನು ತಯಾರು ಮಾಡುವುದೇ ಅದರ ಕೆಲಸ. ವೆಸೆಲ್ ನ್ಯಾವಿಗೇಟರ್, ಮರೈನ್ ಫಿಟ್ಟರ್ ಅಂತ ಎರಡು ವರ್ಷದ ಎರಡು ಕೋರ್ಸು. ಗಣಿತ, ವಿಜ್ಞಾನ ಎರಡರಲ್ಲೂ ನೂರಕ್ಕೆ 40 ಬೇಕು, ಅಂದರೆ ನಮ್ಮ ಲೆಕ್ಕದಲ್ಲಿ ಸಿ ಗ್ರೇಡು. ಹಾಗಾಗಿ ಬರೀ ಡಿ ಪ್ಲಸ್ ಬಂದರೆ ಸಾಕು, ಪಾಸಾದರೆ ಆಯಿತು ಅಂತ ಗಣಿತದ ಪುಸ್ತಕ ಮುಚ್ಚಿಡಬೇಡ. ಈ ಪತ್ರದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೋ.

ಇನ್ನೊಂದು ದಾರಿ ಉದ್ದದ್ದು. ಪ್ಲಸ್ ಟೂನಲ್ಲಿ ಭೌತ, ರಸಾಯನ, ಜೀವಶಾಸ್ತ್ರ ತೆಗೆದುಕೊಂಡು ಬಿ.ಎಫ್.ಎಸ್ಸಿ, ನಾಲ್ಕು ವರ್ಷದ ಮೀನುಗಾರಿಕಾ ಪದವಿ. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಲ್ಲಿ ಶುರುವಾದದ್ದು, ದೇಶದಲ್ಲೇ ಮೊದಲನೆಯದ್ದು. ನಿನ್ನ ಮನೆಯಿಂದ ಅಲ್ಲಿಗೆ ರೈಲಿನಲ್ಲಿ ದಿನಾ ಹೋಗಿ ಬರಬಹುದು, ಅಷ್ಟು ಹತ್ತಿರ. ಕೇರಳದ್ದೇ ಬೇಕಾದರೆ ಕೊಚ್ಚಿ ಪನಂಗಾಡಿನ ಮೀನುಗಾರಿಕಾ ವಿಶ್ವವಿದ್ಯಾಲಯ ಇದೆ, ಮೀನುಗಾರರ ಮಕ್ಕಳಿಗೆ ಅಲ್ಲಿ ಮೀಸಲಾತಿ ಇದೆ. ಕರ್ನಾಟಕದ ಸೀಟು ನಮಗೆಲ್ಲಿ ಸಿಗುತ್ತದೆ ಅಂತ ಕೇಳುವವರಿಗೆ ಹೇಳುತ್ತೇನೆ: ಕರ್ನಾಟಕದ ಸಿಇಟಿಯಲ್ಲಿ ಗಡಿನಾಡು ಕನ್ನಡಿಗರು ಅಂತ ಒಂದು ವಿಭಾಗ ಇದೆ. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕಿನವರಾಗಿದ್ದು ಕನ್ನಡವೋ ತುಳುವೋ ತಾಯಿನುಡಿ ಆಗಿದ್ದರೆ, ಇಲ್ಲೇ ಓದಿದವರು ಅದರಲ್ಲಿ ಅರ್ಜಿ ಹಾಕಬಹುದು. ಕನ್ನಡದ ಒಂದು ಪರೀಕ್ಷೆ ಕೊಡುತ್ತಾರೆ, ನಿನಗದು ಏನೂ ಕಷ್ಟ ಅಲ್ಲ. ಆಯಾ ವರ್ಷದ ಕೈಪಿಡಿಯಲ್ಲಿ ಷರತ್ತು ಓದಿ ನೋಡು, ದಾಖಲೆಗಳನ್ನು ಪ್ಲಸ್ ಟೂ ಎರಡನೇ ವರ್ಷದ ಮಧ್ಯದಲ್ಲೇ ಮಾಡಿಸಿಟ್ಟುಕೋ. ಕೊನೇ ವಾರದಲ್ಲಿ ವಿಲೇಜ್ ಆಫೀಸಿಗೆ ಓಡಿದವರ ಅರ್ಜಿ ಎಷ್ಟೋ ಸಲ ಉಳಿದುಹೋಗಿದೆ.

ಇದಕ್ಕೆಲ್ಲ ಒಂದು ಕಾಗದ ಮುಖ್ಯ. ಅಪ್ಪನ ಹೆಸರು ಮೀನುಗಾರರ ಕ್ಷೇಮನಿಧಿಯಲ್ಲಿ ಇದೆಯಾ, ವಂತಿಗೆ ಸರಿಯಾಗಿ ಕಟ್ಟಿದ್ದಾರಾ ಅಂತ ಇವತ್ತೇ ಕೇಳು. ಫೀಸಿನ ರಿಯಾಯಿತಿ, ಲಂಪ್ಸಂ ಗ್ರಾಂಟು, ಎಂಟ್ರನ್ಸ್ ಕೋಚಿಂಗಿಗೆ ಇರುವ ವಿದ್ಯಾತೀರಂ ಯೋಜನೆ, ಎಲ್ಲಕ್ಕೂ ಅದೇ ಆಧಾರ. ಉಳಿತಾಯ ಮತ್ತು ಸಮಾಶ್ವಾಸದ ಹಣವೂ ಹಾಗೆಯೇ: ಅಪ್ಪ 1,500 ಕಟ್ಟಿದರೆ ಕೇಂದ್ರ 1,500, ರಾಜ್ಯ 1,500 ಸೇರಿಸಿ ಮೀನಿಲ್ಲದ ತಿಂಗಳುಗಳಲ್ಲಿ 4,500 ಕೊಡುತ್ತಾರೆ. ವಿಚಾರಿಸಬೇಕಾದ್ದು ಮತ್ಸ್ಯಭವನದಲ್ಲಿ, ಅಂದರೆ ಮೀನುಗಾರಿಕಾ ಇಲಾಖೆಯ ಊರಿನ ಕಚೇರಿಯಲ್ಲಿ. ಅಪ್ಪನಿಗೆ ಮಲಯಾಳ ಅರ್ಜಿ ಓದಲಿಕ್ಕೆ ಬಾರದಿದ್ದರೆ ನೀನೇ ಜೊತೆಯಲ್ಲಿ ಹೋಗು.

ಅಪ್ಪನ ಹತ್ತಿರ ಜಗಳ ಮಾಡಬೇಡ. "ನಾನು ಕಡಲು ಬಿಡುವುದಿಲ್ಲ ಅಪ್ಪ, ಕಲಿತು ಬರುತ್ತೇನೆ" ಅಂತ ಹೇಳು. ರಜೆಯಲ್ಲಿ ಅವರ ಜೊತೆ ಹೋಗು, ಲೈಫ್ ಜಾಕೆಟ್ ಹಾಕಿಕೊಂಡೇ ಹೋಗು. ಎಲ್ಲ ಕೇಳಿಯೂ ಅವರು ಒಪ್ಪದಿದ್ದರೆ ಕ್ಲಾಸ್ ಟೀಚರನ್ನು ಮನೆಗೆ ಕರಕೊಂಡು ಬಾ. ದುಡಿಯುವ ಒಂದು ಕೈ ಕಮ್ಮಿಯಾಗುತ್ತದೆ ಅನ್ನುವ ಅವರ ಭಯ ನಿಜವಾದದ್ದೇ, ಆ ಭಯಕ್ಕೆ ಉತ್ತರವನ್ನು ಹದಿನೈದು ವರ್ಷದ ನೀನೊಬ್ಬನೇ ಕೊಡಬೇಕಾಗಿಲ್ಲ.

ಬಂಗುಡೆ ಜಾಸ್ತಿ ಬಂದ ದಿನ ಶಾಲೆಗೆ ರಜೆ ಹಾಕಿ ದಡದಲ್ಲಿ ಕೆಲಸ ಮಾಡಿದರೆ ನನಗೂ ಹಣ ಸಿಗುತ್ತದೆ. ತಪ್ಪಾ?
— ಏಳನೇ ಕ್ಲಾಸು, ಶಿರಿಯ

ತಪ್ಪು. 14 ತುಂಬದವರನ್ನು ಕೂಲಿಗೆ ಇಟ್ಟುಕೊಳ್ಳುವಂತಿಲ್ಲ, ಅದು ಕಾನೂನು. ಮನೆಯವರಿಗೆ ಶಾಲೆ ಬಿಟ್ಟ ಮೇಲೆ, ರಜೆಯ ದಿನ ಸಹಾಯ ಮಾಡಬಹುದು, 2016ರ ತಿದ್ದುಪಡಿಯಲ್ಲಿ ಅಷ್ಟಕ್ಕೆ ಮಾತ್ರ ಅವಕಾಶ ಇದೆ. ಸಂಜೆ ಬಂದು ಬಲೆಯಿಂದ ಮೀನು ಬಿಡಿಸು ಮಗಾ, ಬೆಳಿಗ್ಗೆ ಶಾಲೆಗೆ ಹೋಗು.

ಅಮ್ಮ ಮೀನು ಮಾರುತ್ತಾರೆ. ಬೆಳಿಗ್ಗೆ ನಾನು ಬುಟ್ಟಿ ಎತ್ತಿಕೊಟ್ಟು ಶಾಲೆಗೆ ಬರುತ್ತೇನೆ. ಕ್ಲಾಸಿನಲ್ಲಿ ನನ್ನ ಹತ್ತಿರ ಕೂತವರು ಮೂಗು ಮುಚ್ಚುತ್ತಾರೆ. ಬಸ್ಸಿನಲ್ಲಿಯೂ ಹಾಗೆ. ನನಗೆ ಶಾಲೆಗೆ ಹೋಗಲಿಕ್ಕೇ ಮನಸ್ಸಿಲ್ಲ.
— ಒಂಬತ್ತನೇ ಕ್ಲಾಸಿನ ಹುಡುಗಿ

ಮಗಳೇ, ನಿನ್ನ ಪತ್ರ ಓದಿ ನನಗೆ ತುಂಬಾ ಸಿಟ್ಟು ಬಂತು, ನಿನ್ನ ಮೇಲಲ್ಲ. ಮೂಗು ಮುಚ್ಚುವವರ ಮನೆಯಲ್ಲೂ ರಾತ್ರಿ ಬಂಗುಡೆ ಪುಳಿಮುಂಚಿಯೇ ಇರುತ್ತದೆ. ಆ ಮೀನು ಯಾರ ತಲೆ ಮೇಲೆ ಬಂತು ಅಂತ ಅವರಿಗೆ ಯಾರೂ ಕಲಿಸಿಲ್ಲ.

ನಿನ್ನ ಕೈಯಲ್ಲಿ ಆಗುವ ಚಿಕ್ಕ ಕೆಲಸ ಒಂದಿದೆ. ಬುಟ್ಟಿ ಎತ್ತುವಾಗ ಹಳೇ ಬಟ್ಟೆ ಹಾಕಿಕೋ, ಯೂನಿಫಾರ್ಮ್ ಬೇರೆ ಕೋಣೆಯಲ್ಲಿ ಇಡು, ಕೈಗೆ ಲಿಂಬೆಹುಳಿಯೋ ಹುಣಸೆಹುಳಿಯೋ ಉಜ್ಜಿ ತೊಳೆ. ಅದು ನಿನಗೆ ಹಾಯಾಗಲಿ ಅಂತ, ಅವರಿಗೋಸ್ಕರ ಅಲ್ಲ. ವಾಸನೆ ಒಂದು ಚೂರೂ ಇಲ್ಲದ ದಿನವೂ ಅವರು ಮೂಗು ಮುಚ್ಚಬಹುದು, ಆಗ ಸೋಪು ಸಾಲದು. ಅದನ್ನು ನಿಲ್ಲಿಸಬೇಕಾದ್ದು ದೊಡ್ಡವರು. ಕ್ಲಾಸ್ ಟೀಚರ ಹತ್ತಿರ ಹೇಳು. ಬಾಯಿ ಬಿಟ್ಟು ಹೇಳಲು ಆಗದಿದ್ದರೆ ನನಗೆ ಬರೆದ ಹಾಗೆಯೇ ಒಂದು ಚೀಟಿ ಬರೆದು ಕೊಡು. ಶಾಲೆಯಲ್ಲಿ ಕೌನ್ಸಿಲರ್ ಇದ್ದರೆ ಅವರಿಗೂ ಹೇಳು. ಯಾರೂ ಕಿವಿಗೆ ಹಾಕಿಕೊಳ್ಳದಿದ್ದರೆ 1098ಕ್ಕೆ ಫೋನ್ ಮಾಡಬಹುದು, ದುಡ್ಡು ಬೇಡ, ಮಕ್ಕಳಿಗೆಂದೇ ಇರುವ ನಂಬರು.

2018ರ ಆಗಸ್ಟಿನಲ್ಲಿ ಕೇರಳ ಮುಳುಗಿದಾಗ ದೋಣಿಗಳನ್ನು ಲಾರಿಗೆ ಏರಿಸಿಕೊಂಡು ಹೋಗಿ ಜನರನ್ನು ಎತ್ತಿ ತಂದವರು ಮೀನುಗಾರರು. ಆವತ್ತು ಯಾರೂ ಮೂಗು ಮುಚ್ಚಲಿಲ್ಲ. ಈ ಪತ್ರ ಓದುವ ಶಿಕ್ಷಕರು ಇದನ್ನು ನಿಮ್ಮ ಕ್ಲಾಸಿನಲ್ಲಿ ಒಮ್ಮೆ ಹೇಳಿ. ಬೆಳಿಗ್ಗೆ ಬುಟ್ಟಿ ಎತ್ತಿ ಬಂದ ಮಗುವಿನ ಎದುರಿಗೇ ಹೇಳಿ.

ಮಗಳು ಪ್ರೈಮರಿಯಿಂದ ಕನ್ನಡ ಮೀಡಿಯಂ. ಈಗ ಎಂಟಕ್ಕೆ ಇಂಗ್ಲಿಷ್ ಮೀಡಿಯಮಿಗೋ ಮಲಯಾಳಕ್ಕೋ ಹಾಕಿ, ಕನ್ನಡ ಓದಿದರೆ ಕೇರಳದಲ್ಲಿ ಕೆಲಸ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಮನೆಯಲ್ಲಿ ಓದಿದವರು ಯಾರೂ ಇಲ್ಲ. ಏನು ಮಾಡುವುದು ಟೀಚರ್?
— ಒಬ್ಬ ತಾಯಿ, ಕುಂಬಳೆ

ಅಮ್ಮಾ, ಎಂಟರಲ್ಲಿ ಮೀಡಿಯಂ ಬದಲಿಸಬೇಡಿ. ಮಗು ವಿಜ್ಞಾನವನ್ನೂ ಹೊಸ ಭಾಷೆಯನ್ನೂ ಒಟ್ಟಿಗೆ ಕಲಿಯಬೇಕಾಗುತ್ತದೆ, ಎರಡರಲ್ಲೂ ಹಿಂದೆ ಬೀಳುತ್ತದೆ. ಆದರೆ ಮಲಯಾಳ ಬೇಡ ಅಂತ ನಾನು ಹೇಳುವುದಿಲ್ಲ. 2017ರಲ್ಲಿ ಮಲಯಾಳ ಕಲಿಕೆ ಕಡ್ಡಾಯ ಅಂತ ಕಾನೂನು ಬಂದಾಗ ನಮ್ಮವರು ಬೀದಿಗಿಳಿದರು. ಇಳಿಯಬೇಕಾದ್ದೇ. ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ಕ್ಲಾಸಿಗೆ ಹಾಕುವುದಕ್ಕೆ ಈಗಲೂ ಒಪ್ಪಬಾರದು, ಗಣಿತ ಅರ್ಥವಾಗದೆ ಕೂತ ಮಗುವಿನ ಒಂದು ವರ್ಷವನ್ನು ಯಾರೂ ವಾಪಸು ಕೊಡುವುದಿಲ್ಲ. ಆದರೆ ಮಲಯಾಳ ಓದಲು ಬರೆಯಲು ಬಂದರೆ ನಿಮ್ಮ ಮಗಳಿಗೇ ಲಾಭ. ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ, ಮಲಯಾಳ ಎರಡೂ ಬಲ್ಲವರಿಗೆಂದೇ ಪಿಎಸ್‌ಸಿ ಕ್ಲರ್ಕ್ ಹುದ್ದೆಗಳನ್ನು ಕರೆಯುತ್ತದೆ. ಕನ್ನಡ ಬಿಟ್ಟವರಿಗೆ ಅದು ಸಿಗುವುದಿಲ್ಲ, ಮಲಯಾಳ ಬಾರದವರಿಗೂ ಸಿಗುವುದಿಲ್ಲ.

ಇಂಗ್ಲಿಷಿನ ಭಯ ಮಾತ್ರ ಸರಿಯಾದದ್ದೇ. ಪ್ಲಸ್ ವನ್ ವಿಜ್ಞಾನದ ಪುಸ್ತಕ ಇಂಗ್ಲಿಷಿನಲ್ಲಿ. ಕನ್ನಡ ಮೀಡಿಯಂ ಮಕ್ಕಳು ಮೊದಲ ಮೂರು ತಿಂಗಳು ಅಲ್ಲೇ ಸೋಲುತ್ತಾರೆ, ಬುದ್ಧಿ ಕಮ್ಮಿಯಾಗಿ ಅಲ್ಲ. ಹಾಗಾಗಿ ಒಂಬತ್ತನೇ ಕ್ಲಾಸಿನಿಂದಲೇ ವಿಜ್ಞಾನದ ಪಾಠವನ್ನು ಕನ್ನಡ ಪುಸ್ತಕದಲ್ಲಿ ಓದಿ, ಅದೇ ಪಾಠವನ್ನು ಇಂಗ್ಲಿಷ್ ಪುಸ್ತಕದಲ್ಲಿ ಇನ್ನೊಮ್ಮೆ ಓದಲಿ. ಕೇರಳದ ಪಠ್ಯಪುಸ್ತಕಗಳು ಇಂಟರ್ನೆಟ್‌ನಲ್ಲಿ ಎಲ್ಲ ಮೀಡಿಯಮಿನದ್ದೂ ಬಿಟ್ಟಿಯಾಗಿ ಸಿಗುತ್ತವೆ. ಲಿಟಲ್ ಕೈಟ್ಸ್ ಅಂತ ಕಂಪ್ಯೂಟರ್ ಕ್ಲಬ್ ಇದೆ, ಎಂಟನೇ ಕ್ಲಾಸಿನಲ್ಲೇ ಪರೀಕ್ಷೆ ಇಟ್ಟು ಆರಿಸುತ್ತಾರೆ, ಅದಕ್ಕೂ ಹೆಸರು ಕೊಡಿಸಿ.

ನಮ್ಮ ಮನೆ ಮುಸೋಡಿ ಬದಿಯಲ್ಲಿ. ಪ್ರತಿ ಮಳೆಗಾಲ ಕಡಲು ಹತ್ತಿರ ಬರುತ್ತದೆ, ಕಳೆದ ವರ್ಷ ನಾವು ಮಾವನ ಮನೆಗೆ ಹೋಗಬೇಕಾಯಿತು. ಪುಸ್ತಕ ಎಲ್ಲ ಒದ್ದೆ. ರಾತ್ರಿ ಅಲೆಯ ಸದ್ದಿಗೆ ನಿದ್ದೆ ಬರುವುದಿಲ್ಲ, ಓದಿದ್ದು ತಲೆಗೆ ಹೋಗುವುದಿಲ್ಲ.
— ಪ್ಲಸ್ ವನ್ ವಿದ್ಯಾರ್ಥಿನಿ

ನಿದ್ದೆ ಬಾರದ್ದು ನಿನ್ನ ದುರ್ಬಲತೆ ಅಲ್ಲ ಮಗಳೇ. ಮನೆಯ ಗೋಡೆಗೆ ಕಡಲು ಬಡಿಯುವಾಗ ಯಾರಿಗೆ ನಿದ್ದೆ ಬರುತ್ತದೆ? ಆದರೂ ಮಳೆ ನಿಂತ ಮೇಲೂ ನಿದ್ದೆ ಬಾರದಿದ್ದರೆ, ಸದ್ದು ಕೇಳಿದರೆ ಎದೆ ಹೊಡೆದುಕೊಂಡರೆ, ಮನಸ್ಸಿನ ಕಷ್ಟ ಕೇಳುವ ಸರಕಾರದ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿ ಮಾತಾಡು.

ಮಳೆಗಾಲಕ್ಕೆ ಮೊದಲು ಕೆಲವು ಕೆಲಸ ಮಾಡಿಟ್ಟುಕೋ. ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟನ್ನು ಡಿಜಿಲಾಕರಿನಲ್ಲಿ ಇಳಿಸಿಕೋ, ಒದ್ದೆಯಾದರೂ ಹೋಗುವುದಿಲ್ಲ. ರೇಶನ್ ಕಾರ್ಡು, ಆಧಾರ್, ಜಾಗದ ಕಾಗದ, ಎಲ್ಲದರ ಫೋಟೋ ತೆಗೆದು ಮಾವನ ಫೋನಿಗೂ ಕಳಿಸು. ನೋಟ್ ಪುಸ್ತಕಗಳನ್ನು ಜೂನ್, ಜುಲೈಯಲ್ಲಿ ಶಾಲೆಯಲ್ಲೇ ಇಡಲು ಕೇಳು. ಒಂದು ಕಪಾಟಿನ ಮೂಲೆ ಕೊಡಲು ಯಾವ ಶಾಲೆಗೂ ಕಷ್ಟ ಇಲ್ಲ.

ದೊಡ್ಡವರು ಮಾಡಬೇಕಾದ್ದು ಪುನರ್ಗೇಹಂ. ಕಡಲಿನಿಂದ 50 ಮೀಟರ್ ಒಳಗೆ ಇರುವ ಕುಟುಂಬಗಳು ಬೇರೆ ಕಡೆ ಹೋಗಲು ಒಪ್ಪಿದರೆ ಸರಕಾರ ಜಾಗಕ್ಕೆ ಮತ್ತು ಮನೆಗೆ ಸೇರಿಸಿ 10 ಲಕ್ಷ ಕೊಡುತ್ತದೆ. ಹಳಿಯ ಹತ್ತಿರ, ಹೆದ್ದಾರಿಯ ಹತ್ತಿರ ಜಾಗದ ಬೆಲೆ ನೋಡಿದರೆ ಆ ಹಣ ಸಾಲುವುದಿಲ್ಲ ಅನ್ನುವುದು ನಿಜ, ದೋಣಿಯಿಂದ ದೂರ ಹೋದರೆ ಅಪ್ಪನ ಕೆಲಸಕ್ಕೆ ತೊಂದರೆ ಅನ್ನುವುದೂ ನಿಜ. ಹಾಗಾಗಿ ಹೋಗಿ ಅಂತ ಸುಲಭದಲ್ಲಿ ನಾನು ಹೇಳಲಾರೆ. ನಿನ್ನ ಮನೆಯವರು ಎಲ್ಲ ಕೇಳಿ ತಿಳಿದು ತೀರ್ಮಾನ ಮಾಡಲಿ. ನಿನ್ನ ಊರಿನವರು ಕಲ್ಲಿನ ತಡೆಗೋಡೆ ಕೇಳುತ್ತಿರುವುದು ನ್ಯಾಯವಾದದ್ದೇ. ನೀನು ಮಾತ್ರ ಮಾವನ ಮನೆಯಲ್ಲೇ ಇದ್ದು ಓದು, ಮನೆ ಬಿಟ್ಟು ಬಂದೆ ಅಂತ ನಾಚಬೇಡ.

ನನಗೆ ಯಕ್ಷಗಾನ ಇಷ್ಟ. ಹತ್ತನೇ ಕ್ಲಾಸಿಗೆ ಹೋದೆ ಅಂತ ಮನೆಯಲ್ಲಿ ಬೇಡ ಅನ್ನುತ್ತಾರೆ. ಮೀನು ಹಿಡಿಯುವವರ ಮನೆಯ ಹುಡುಗಿಗೆ ವೇಷ ಯಾಕೆ ಅಂತ ನೆರೆಕರೆಯವರೂ ಹೇಳುತ್ತಾರೆ.
— ಹುಡುಗಿ, ಉಪ್ಪಳ

ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಕುಂಬಳೆಯ ಪಕ್ಕದಲ್ಲಿ ಹುಟ್ಟಿದ ಹುಡುಗಿಗೆ ಯಕ್ಷಗಾನ ಯಾಕೆ ಅಂತ ಕೇಳುವವರಿಗೆ ನಾನೇನು ಹೇಳಲಿ! ಕೇರಳ ಶಾಲಾ ಕಲೋತ್ಸವದಲ್ಲಿ ಯಕ್ಷಗಾನ ಇದೆ, ಕನ್ನಡ ಭಾಷಣ, ಪದ್ಯಪಠಣ ಇದೆ. ರಾಜ್ಯ ಮಟ್ಟದಲ್ಲಿ ಒಳ್ಳೆಯ ಗ್ರೇಡು ಬಂದರೆ ಗ್ರೇಸ್ ಮಾರ್ಕು ಸಿಗುತ್ತದೆ, ಮನೆಯವರಿಗೆ ಇದನ್ನು ಮೊದಲು ಹೇಳು. ರಾಜ್ಯ ಕಲೋತ್ಸವ ಸಾಮಾನ್ಯವಾಗಿ ಜನವರಿಯಲ್ಲಿ, ಪರೀಕ್ಷೆ ಮಾರ್ಚಿನಲ್ಲಿ, ನಡುವೆ ಓದಲಿಕ್ಕೆ ಸಮಯ ಇದೆ. ಆದರೆ ತಂಡ ಕಟ್ಟಬೇಕಾದ್ದು ಈಗ. ನಾಳೆಯೇ ನಿನ್ನ ಕನ್ನಡ ಟೀಚರನ್ನು ಕಂಡು ಹೆಸರು ಕೊಡು, ಹೆಜ್ಜೆ ಕಲಿಸುವವರನ್ನು ಅವರೇ ಹುಡುಕಿಕೊಡುತ್ತಾರೆ.